ಬಸ್ಸಿಳಿದು ನೋಡಬೇಕಾದ ಸೀಮೆ

ಬೆಂಗಳೂರಿನ ಲಾಲ್‌ಬಾಗ್ ನೋಡದ ಕನ್ನಡಿಗರು ಕಡಿಮೆ. ಹೈದರಾಲಿ ಆ ತೋಟ ಹಾಕಿಸಲು ಹೊರಟಾಗ ಅವನ ಕಣ್ಣಮುಂದೆ ಇದ್ದದ್ದು ಶಿರಾದ ಮೊಗಲ್ ತೋಟ. ಬೆಂಗಳೂರು, ಶ್ರೀರಂಗಪಟ್ಟಣಗಳಲ್ಲಿ ಅವನೂ ಅವನ ಮಗ ಟಿಪ್ಪುವೂ ಕಟ್ಟಿಸಿದ ಅರಮನೆಗಳಿಗೆ ಶಿರಾದ ಸುಬೇದಾರ ದಿಲಾವರ್ ಖಾನನ ಅರಮನೆಯೇ ಮಾದರಿ ಎಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಅದಕ್ಕೂ ಹಿಂದೆ, 1687ರಲ್ಲಿ, ಬೆಂಗಳೂರನ್ನು ಮರಾಠರಿಂದ ಕಿತ್ತುಕೊಂಡು ಮೂರು ಲಕ್ಷ ರೂಪಾಯಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಬಿಟ್ಟುಕೊಟ್ಟ ಖಾಸಿಂ ಖಾನ್ ಸುಬೇದಾರನಾಗಿ ಕೂತದ್ದೂ ಶಿರಾದಲ್ಲೇ. ಅಂಥ ಊರನ್ನು ಇವತ್ತು ಹುಬ್ಬಳ್ಳಿಗೆ, ಹಂಪಿಗೆ, ಗೋವಾಕ್ಕೆ ಹೊರಟವರು ಹೆದ್ದಾರಿಯ ಮೇಲೆ ಕಣ್ಣೆತ್ತಿಯೂ ನೋಡದೆ ದಾಟುತ್ತಾರೆ. ಒಂದು ಟೀ ಕುಡಿದರೆ ಹೆಚ್ಚು.

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟವಳು. ಹುಟ್ಟಿದ್ದು ಕೊರಟಗೆರೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ, ಮನೆ ಮಾಡಿಕೊಂಡದ್ದು ಮಧುಗಿರಿಯಲ್ಲಿ, ಕೆಲಸ ಮಾಡಿದ್ದು ಶಿರಾ, ಪಾವಗಡವೂ ಸೇರಿ ನಾಲ್ಕೂ ತಾಲ್ಲೂಕುಗಳಲ್ಲಿ. ಬೆಂಗಳೂರಿನ ನೆಂಟರು ಮನೆಗೆ ಬಂದಾಗಲೆಲ್ಲ ಕೇಳುವ ಮಾತು ಒಂದೇ: "ನಿಮ್ಮ ಕಡೆ ನೋಡೋಕೆ ಏನಿದೆ ಅಕ್ಕ? ಬರೀ ಬಂಡೆ, ಬಿಸಿಲು." ನಮ್ಮವರೇ ಹಾಗೆ ಅಂದುಕೊಂಡಿದ್ದಾರೆ. ಶಾಲೆಯ ಪ್ರವಾಸ ಅಂದರೆ ಮೈಸೂರು, ಬೇಲೂರು, ಧರ್ಮಸ್ಥಳ. ಮಧುಗಿರಿ ಬೆಟ್ಟದ ನೆರಳಲ್ಲೇ ಓದುವ ಮಕ್ಕಳಲ್ಲಿ ಬೆಟ್ಟದ ತುದಿ ಮುಟ್ಟದವರೇ ಹೆಚ್ಚು.

ಬಂಡೆ, ಬಿಸಿಲು ಅಂದದ್ದು ಸುಳ್ಳಲ್ಲ. ಬರದ ಸೀಮೆ ಎಂದು ನಮ್ಮನ್ನು ಪಟ್ಟಿಗೆ ಹಾಕಿ ಬಹಳ ಕಾಲವಾಯಿತು. ಆದರೆ ನಾನು ಬಸ್ಸಿನಲ್ಲಿ ಓಡಾಡಿ, ಮಕ್ಕಳನ್ನು ಕರೆದುಕೊಂಡು ನಡೆದು ಕಂಡುಕೊಂಡದ್ದು ಇದು: ಈ ನಾಲ್ಕು ತಾಲ್ಲೂಕುಗಳಲ್ಲಿ ನೋಡಬೇಕಾದದ್ದೆಲ್ಲ ಆ ಬಂಡೆಯಿಂದ, ಬಯಲಿನಿಂದ, ಬಿಸಿಲಿನಿಂದಲೇ ಹುಟ್ಟಿದ್ದು. ಮಲೆನಾಡಿನ ಹಸಿರನ್ನು ಹುಡುಕಿಕೊಂಡು ಇಲ್ಲಿಗೆ ಬಂದವರಿಗೆ ಏನೂ ಕಾಣುವುದಿಲ್ಲ. ಬಯಲನ್ನು ಬಯಲಾಗಿ ನೋಡಲು ಬಂದವರಿಗೆ ಮೂರು ದಿನವೂ ಸಾಲದು.

ಬಂಡೆಯಿಂದಲೇ ಶುರು ಮಾಡುತ್ತೇನೆ. ರಾಮನಗರದಿಂದ ಉತ್ತರಕ್ಕೆ ಮಾಗಡಿ, ದೇವರಾಯನದುರ್ಗ, ಮಧುಗಿರಿ, ಪಾವಗಡದ ಮೇಲೆ ಹಾದು ಹೋಗುವ ಕಲ್ಲಿನ ಪಟ್ಟಿಯೊಂದಿದೆ. ಭೂವಿಜ್ಞಾನಿಗಳು ಅದನ್ನು ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿದ್ದ ಹೆಸರು ಅದು. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಕರಗಿದ ಕಲ್ಲು ನಿಧಾನವಾಗಿ ಆರಿ ಗಟ್ಟಿಯಾಯಿತು. ಮೇಲಿದ್ದ ನೆಲ ಕೋಟ್ಯಂತರ ವರ್ಷಗಳಲ್ಲಿ ಸವೆದು ಹೋದ ಮೇಲೆ ಅದು ಹೊರಗೆ ಬಂತು. ಮೇಲಿನ ಭಾರ ಇಳಿದಂತೆ ಬಂಡೆ ಹಿಗ್ಗಿ ಪದರ ಪದರವಾಗಿ ಬಿರಿಯುತ್ತದೆ. ಮಧುಗಿರಿ ಬೆಟ್ಟದ ಮೈ ಅಷ್ಟು ನುಣುಪಾಗಿ, ಗುಂಡಗೆ ಇರುವುದು ಇದೇ ಕಾರಣಕ್ಕೆ. ಹತ್ತುವಾಗ ಪಕ್ಕಕ್ಕೆ ನೋಡಿದರೆ ಕಳಚಿ ಜಾರಿದ ಹಾಳೆಗಲ್ಲುಗಳು ಅಲ್ಲಲ್ಲೇ ಬಿದ್ದಿರುವುದು ಕಾಣುತ್ತದೆ. ಪಾಠದಲ್ಲಿ ಶಿಲೆಗಳ ಶಿಥಿಲೀಕರಣ ಎಂದು ಬಾಯಿಪಾಠ ಮಾಡಿಸುವುದನ್ನು ಇಲ್ಲಿ ಕೈಯಿಂದ ಮುಟ್ಟಿಸಬಹುದು.

ಏಷ್ಯಾದ ಎರಡನೆಯ ದೊಡ್ಡ ಏಕಶಿಲಾ ಬೆಟ್ಟ ಎಂದು ಮಧುಗಿರಿಯನ್ನು ಕರೆಯುವ ರೂಢಿಯಿದೆ. ಎರಡನೆಯದೋ ನಾಲ್ಕನೆಯದೋ, ನನಗೆ ಆ ಲೆಕ್ಕ ಮುಖ್ಯವಲ್ಲ. ನನಗೆ ಬೇರೆ ಹೋಲಿಕೆ ಹಿಡಿಸುತ್ತದೆ. ಆಸ್ಟ್ರೇಲಿಯಾದ ಉಲುರು ಬಂಡೆಯನ್ನು ನೋಡಲು ಜಗತ್ತಿನ ಮೂಲೆ ಮೂಲೆಯಿಂದ ವಿಮಾನದಲ್ಲಿ ಬರುತ್ತಾರೆ. ಸುತ್ತಲ ಬಯಲಿನಿಂದ ಅದರ ಎತ್ತರ 348 ಮೀಟರ್. ಅಲ್ಲಿನ ಮೂಲನಿವಾಸಿಗಳಿಗೆ ಅದು ಪವಿತ್ರವಾದ್ದರಿಂದ 2019ರ ಅಕ್ಟೋಬರ್ 26ರಿಂದ ಅದನ್ನು ಹತ್ತುವುದನ್ನೇ ನಿಲ್ಲಿಸಿದ್ದಾರೆ. ಶ್ರೀಲಂಕಾದ ಸಿಗಿರಿಯಾ ಸುಮಾರು 200 ಮೀಟರ್ ಎತ್ತರದ್ದು. 1982ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿ, ಇಂದು ಆ ದೇಶದ ಪ್ರವಾಸಕ್ಕೆ ಅದೇ ಮುಖ. ಮಧುಗಿರಿ ಬೆಟ್ಟದ ತುದಿ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್, ಅಂದರೆ ಊರಿನ ಬೀದಿಗಿಂತ ಸುಮಾರು 400 ಮೀಟರ್ ಮೇಲೆ. ಅದರ ಮೈತುಂಬ ಕೋಟೆಯಿದೆ. ಬೆಂಗಳೂರಿನಿಂದ ಸುಮಾರು ನೂರು ಕಿಲೋಮೀಟರ್. ವಾರದ ದಿನ ಬೆಳಿಗ್ಗೆ ಹೋದರೆ ಬೆಟ್ಟದ ಮೇಲೆ ನೀವು, ಗಾಳಿ, ಹದ್ದುಗಳು ಅಷ್ಟೆ.

ಕೋಟೆಯನ್ನು ಕಟ್ಟಿಸಿದವರು ಇಲ್ಲಿನ ಪಾಳೇಗಾರರಾದ ರಾಜಾ ಹಿರೇಗೌಡರ ಮನೆತನದವರು. 1678ರಲ್ಲಿ ಅದು ಮೈಸೂರಿನ ಕೈಗೆ ಬಂತು, ಹೈದರಾಲಿ ಅದನ್ನು ಇನ್ನಷ್ಟು ಬಲಪಡಿಸಿದ. ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಬಾಗಿಲು ಎಂದು ಒಂದೊಂದಾಗಿ ದಾಟಿ ಮೇಲೆ ಹೋಗಬೇಕು. ಗಮನವಿಟ್ಟು ನೋಡಿದರೆ ಕಟ್ಟಿದವರ ಜಾಣತನ ತಿಳಿಯುತ್ತದೆ. ಬಂಡೆ ಕಡಿದಾದ ಕಡೆಯಲ್ಲಿ ಅವರು ಗೋಡೆಗೆ ಕಲ್ಲು ಖರ್ಚು ಮಾಡಿಲ್ಲ, ಅಲ್ಲಿ ಬಂಡೆಯೇ ಗೋಡೆ. ಮನುಷ್ಯ ಹತ್ತಬಹುದಾದ ಇಳಿಜಾರಿನಲ್ಲಿ ಮಾತ್ರ ಗೋಡೆಯ ಮೇಲೆ ಗೋಡೆ, ಬತ್ತೇರಿ, ತಿರುವು ತೆಗೆದುಕೊಳ್ಳುವ ಬಾಗಿಲು. ಮಳೆ ನೀರು ಬಂಡೆಯ ಮೇಲೆ ಹರಿದು ದೊಣೆಗಳಲ್ಲಿ ನಿಲ್ಲುವಂತೆ ಮಾಡಿಕೊಂಡಿದ್ದರು. ಕೆಳಗೆ ಬಾವಿ ಬತ್ತಿದ ದಿನಗಳಲ್ಲೂ ಮೇಲಿನ ದೊಣೆಯಲ್ಲಿ ನೀರು ನಿಂತಿರುವುದನ್ನು ನಾನು ಕಂಡಿದ್ದೇನೆ. ಬರದ ಸೀಮೆಯವರಿಗೆ ನೀರು ಹಿಡಿಯುವುದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ.

ಅರ್ಧ ದಾರಿ ಕಳೆದ ಮೇಲೆ ಬಂಡೆಯಲ್ಲಿ ಕೊರೆದ ಹೆಜ್ಜೆಗುಳಿಗಳು ಬರುತ್ತವೆ, ಹಿಡಿದುಕೊಳ್ಳಲು ಕಬ್ಬಿಣದ ಕಂಬಿ. ಒಂದು ಪಕ್ಕ ನೇರ ಇಳಿಜಾರು. ಎದೆ ಡವಗುಟ್ಟುವುದು ಇಲ್ಲೇ. ಮಳೆಗಾಲದಲ್ಲಿ ಕಲ್ಲು ಒದ್ದೆಯಾಗಿದ್ದರೆ ಇಲ್ಲಿಂದ ಹಿಂದಕ್ಕೆ ಬಂದುಬಿಡಿ, ಮೊಂಡುತನ ಬೇಡ. ತುದಿಯಲ್ಲಿ ಪಾಳುಬಿದ್ದ ಗೋಪಾಲಕೃಷ್ಣನ ಗುಡಿ. ಅಲ್ಲಿ ನಿಂತರೆ ದಕ್ಷಿಣಕ್ಕೆ ಚನ್ನರಾಯನದುರ್ಗ, ಸಿದ್ದರಬೆಟ್ಟ, ಉತ್ತರಕ್ಕೆ ಮಿಡಿಗೇಶಿ, ಸುತ್ತಲೂ ಕೆರೆಗಳು, ರಾಗಿ ಹೊಲ, ಕಡ್ಲೆಕಾಯಿ ಹೊಲ, ಅಡಿಕೆ ತೋಟದ ಚೂರುಗಳು. ಒಂದು ಕೋಟೆಯಿಂದ ಇನ್ನೊಂದು ಕೋಟೆ ಕಾಣುವಂತಿದೆ ಎಂಬುದೇ ಪಾಳೇಗಾರರ ಕಾಲದ ರಾಜಕೀಯವನ್ನು ಹೇಳುತ್ತದೆ.

ಈ ಬೆಟ್ಟದಲ್ಲಿ ನನ್ನನ್ನು ಬಹಳ ಕಾಡಿದ ಸಂಗತಿ ಬೇರೆ. 1763ರಲ್ಲಿ ಹೈದರಾಲಿ ಕೆಳದಿ ಅರಸರ ರಾಜಧಾನಿ ಬಿದನೂರನ್ನು ಗೆದ್ದಾಗ ಅಲ್ಲಿನ ರಾಣಿ ವೀರಮ್ಮಾಜಿಯನ್ನೂ ಅವಳ ದತ್ತುಮಗನನ್ನೂ ಸೆರೆಹಿಡಿದು ತಂದು ಇಟ್ಟದ್ದು ಮಧುಗಿರಿ ಕೋಟೆಯಲ್ಲಿ. 1767ರಲ್ಲಿ ಮರಾಠರು ಕೋಟೆ ಹಿಡಿದಾಗಲೇ ಅವಳಿಗೆ ಬಿಡುಗಡೆ. ಕೆಳದಿಯ ಚೆನ್ನಮ್ಮ, ಕಿತ್ತೂರಿನ ಚೆನ್ನಮ್ಮ ನಮ್ಮ ಮಕ್ಕಳಿಗೆ ಗೊತ್ತು. ಕೆಳದಿಯ ಕೊನೆಯ ರಾಣಿ ತಮ್ಮೂರ ಬೆಟ್ಟದಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದಳು ಎಂದು ಗೊತ್ತಿಲ್ಲ. ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋದಾಗ ನಾನು ಕೋಟೆಯೊಳಗೆ ಕೂರಿಸಿ ಈ ಕಥೆ ಹೇಳುತ್ತಿದ್ದೆ. ಮಳೆ ಬಿಟ್ಟೂಬಿಡದೆ ಸುರಿಯುವ ಮಲೆನಾಡಿನಿಂದ ಬಂದವಳು ಈ ಕಾದ ಬಂಡೆಯ ಮೇಲೆ ಬೇಸಿಗೆ ಹೇಗೆ ಕಳೆದಳು ಮಿಸ್ ಎಂದು ಒಬ್ಬ ಹುಡುಗಿ ಕೇಳಿದಳು. ಇತಿಹಾಸದ ಪಾಠದಲ್ಲಿ ನನಗೆ ಬಂದ ಅತಿ ಒಳ್ಳೆಯ ಪ್ರಶ್ನೆ ಅದು. ಅವಳನ್ನು ಯಾವ ಕೋಣೆಯಲ್ಲಿಟ್ಟಿದ್ದರೋ ಇರಲಿ, ಅವಳ ಹೆಸರಿನ ಒಂದು ಫಲಕವಾದರೂ ಬೆಟ್ಟದ ಬುಡದಲ್ಲಿ ಇರಬೇಕು ಎಂದು ನಾನು ಇವತ್ತಿಗೂ ಹೇಳುತ್ತೇನೆ.

ಕೊರಟಗೆರೆಯ ವಿಷಯಕ್ಕೆ ಬಂದರೆ, ಗೊರವನಹಳ್ಳಿ ಮಹಾಲಕ್ಷ್ಮಿಗೆ ನನ್ನ ಶಿಫಾರಸು ಬೇಕಿಲ್ಲ. ಶುಕ್ರವಾರ ಬೆಂಗಳೂರಿನ ಕಾರುಗಳೇ ದಾರಿ ತುಂಬಿರುತ್ತವೆ. ಆದರೆ ಪೂಜೆ ಮುಗಿಸಿದವರು ತೀತಾ ಜಲಾಶಯದ ಏರಿಯ ಮೇಲೆ ಐದು ನಿಮಿಷ ನಿಂತು ಹಿಂತಿರುಗುತ್ತಾರಲ್ಲ, ಅವರನ್ನು ನಿಲ್ಲಿಸಿ ಚನ್ನರಾಯನದುರ್ಗದ ಕಡೆ ಕೈ ತೋರಿಸಬೇಕು ಅನ್ನಿಸುತ್ತದೆ. ಮಧುಗಿರಿಗೆ ಹೋಗುವವರಲ್ಲಿ ಹತ್ತರಲ್ಲೊಬ್ಬರೂ ಅಲ್ಲಿಗೆ ಹೋಗುವುದಿಲ್ಲ. ಕುರಿ ಮೇಯಿಸುವವರ ಕಾಲುದಾರಿ, ಒಡೆದ ಬಾಗಿಲುಗಳು, ಮುಳ್ಳುಗಿಡ. ಹಳ್ಳಿಯವರನ್ನು ಯಾರನ್ನಾದರೂ ಜೊತೆಗೆ ಕರೆದುಕೊಂಡೇ ಹತ್ತಿ. ಸಿದ್ದರಬೆಟ್ಟ ಇದಕ್ಕೆ ತದ್ವಿರುದ್ಧ: ಮೆಟ್ಟಿಲುಗಳಿವೆ, ಗುಹೆಯೊಳಗೆ ಸಿದ್ದೇಶ್ವರನಿದ್ದಾನೆ, ಬಂಡೆಯ ಸಂದಿಯಲ್ಲಿ ತಣ್ಣನೆಯ ನೀರಿದೆ. ನಾಟಿ ವೈದ್ಯರು ಗಿಡಮೂಲಿಕೆಗಾಗಿ ಇಲ್ಲಿಗೆ ಬರುವುದು ಹಿಂದಿನಿಂದ ನಡೆದು ಬಂದದ್ದು. ಗುಹೆಗಳಲ್ಲಿ ಒಬ್ಬೊಬ್ಬರೇ ನುಸುಳಬೇಡಿ, ಒಳಗೆ ದಾರಿ ಕವಲೊಡೆಯುತ್ತದೆ.

ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಹೊಳೆ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳನ್ನು ಹಾದು ಆಂಧ್ರದ ಕಡೆ ಹೋಗುತ್ತದೆ. ಬಹಳ ವರ್ಷ ಅದು ಬರೀ ಮರಳಿನ ಹೊಳೆ. ಅದರ ಹೆಸರು ಹೊತ್ತ ಒಂದು ಜಾಗ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಳಿ, ಹಿಂದೂಪುರದ ಗಡಿಯ ಹತ್ತಿರ ಇದೆ: ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ. ಸುಮಾರು 798 ಎಕರೆ ಹುಲ್ಲುಗಾವಲು. 2007ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾಯಿತು. ಕರ್ನಾಟಕದಲ್ಲಿ ರಾಣೆಬೆನ್ನೂರು ಬಿಟ್ಟರೆ ಕೃಷ್ಣಮೃಗಗಳು ದೊಡ್ಡ ಸಂಖ್ಯೆಯಲ್ಲಿ ಕಾಣಸಿಗುವುದು ಇಲ್ಲೇ.

ಇದನ್ನು ನೋಡಿ ಬಂದವರು ಕೆಲವರು ನನಗೆ ದೂರು ಹೇಳಿದ್ದಾರೆ, ಕಾಡೇ ಇಲ್ಲವಲ್ಲ ಮೇಡಂ ಎಂದು. ಅದೇ ಅದರ ವಿಶೇಷ. ಕೃಷ್ಣಮೃಗ ಕಾಡಿನ ಪ್ರಾಣಿಯಲ್ಲ, ಬಯಲಿನ ಪ್ರಾಣಿ. ದೂರದಿಂದಲೇ ಶತ್ರುವನ್ನು ಕಾಣುವುದು, ಕಂಡೊಡನೆ ಓಡುವುದು ಅದರ ಬಾಳು. ಗಂಟೆಗೆ 80 ಕಿಲೋಮೀಟರ್ ವೇಗ ಮುಟ್ಟಬಲ್ಲದು. ಮರ ಬೆಳೆದರೆ ಅದಕ್ಕೆ ನೋಟವೂ ಇಲ್ಲ, ಓಟವೂ ಇಲ್ಲ. ಹುಲ್ಲುಗಾವಲನ್ನು ಸರ್ಕಾರಿ ಕಾಗದಗಳಲ್ಲಿ ಪಾಳುಭೂಮಿ ಎಂದು ಬರೆದು, ಅಲ್ಲಿ ನೀಲಗಿರಿ ನೆಟ್ಟು ಹಸಿರಾಗಿಸಿದೆವು ಎಂದು ಹೇಳಿಕೊಂಡ ಕಾಲವೊಂದಿತ್ತು. ನೀಲಗಿರಿಯ ತುಂಡುಗಳು ಈಗಲೂ ಇಲ್ಲಿ ನಿಂತಿವೆ. ಮರ ನೆಡುವುದೆಲ್ಲ ಒಳ್ಳೆಯ ಕೆಲಸವಲ್ಲ ಎಂಬುದನ್ನು ಮಕ್ಕಳಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಸಿಕ್ಕಿಲ್ಲ. ಬೆಳಿಗ್ಗೆ ಏಳರೊಳಗೆ ಹೋಗಿ. ಸುರುಳಿ ಕೋಡಿನ ಕಪ್ಪು ಗಂಡು, ಕಂದು ಬಣ್ಣದ ಹೆಣ್ಣುಗಳ ಹಿಂಡು, ಬೆದರಿದಾಗ ನೆಲ ಬಿಟ್ಟು ನೆಗೆಯುವ ಮರಿಗಳು. ಚಳಿಗಾಲದಲ್ಲಿ ದೂರದ ಉತ್ತರ ದೇಶಗಳಿಂದ ಬರುವ ಹ್ಯಾರಿಯರ್ ಗಿಡುಗಗಳು ಹುಲ್ಲಿನ ಮೇಲೆ ತಗ್ಗಿ ಹಾರುತ್ತವೆ. ಗಾಡಿಯನ್ನು ಹುಲ್ಲಿನೊಳಗೆ ನುಗ್ಗಿಸಬೇಡಿ, ಫೋಟೊಕ್ಕಾಗಿ ಹಿಂಡನ್ನು ಅಟ್ಟಬೇಡಿ. ಕೈಮುಗಿದು ಕೇಳುತ್ತೇನೆ.

ಪಕ್ಷಿಗಳ ಮಾತು ಬಂದಾಗ ಶಿರಾ ತಾಲ್ಲೂಕಿನ ಕಗ್ಗಲಡುವಿಗೇ ಹೋಗಬೇಕು. ಶಿರಾ ಪೇಟೆಯಿಂದ ಹತ್ತು ಕಿಲೋಮೀಟರ್ ಒಳಗೇ ಇರುವ ಸಾಧಾರಣ ಹಳ್ಳಿ. ಕೊಕ್ಕರೆಬೆಳ್ಳೂರು ಎಲ್ಲರಿಗೂ ಗೊತ್ತು, ಕಗ್ಗಲಡು ಗೊತ್ತಿಲ್ಲ. ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಊರ ನಡುವಿನ ಹುಣಸೆ ಮರಗಳ ಮೇಲೆ ಗೂಡು ಕಟ್ಟಿ ಮರಿ ಮಾಡುತ್ತವೆ. 1990ರ ದಶಕದಲ್ಲಿ ತುಮಕೂರಿನ ಪ್ರಕೃತಿ ಆಸಕ್ತರು ಗುರುತಿಸುವ ತನಕ ಹೊರಗಿನವರಿಗೆ ಇದರ ಸುದ್ದಿಯೇ ಇರಲಿಲ್ಲ. ಫೆಬ್ರವರಿ ಹೊತ್ತಿಗೆ ಗೂಡಿನ ಕೆಲಸ ಜೋರಾಗಿರುತ್ತದೆ. ಬೇಸಿಗೆಯಿಡೀ ಮರಿಗಳ ಗಲಾಟೆ. ಮಳೆಗಾಲ ಹಿಡಿದ ಮೇಲೆ ಒಂದೊಂದಾಗಿ ಹೊರಡುತ್ತವೆ. ಹಳದಿ ಕೊಕ್ಕು, ಬಿಳಿ ಮೈ, ಬಾಲದ ಬಳಿ ಗುಲಾಬಿ ಗರಿ. ಮನೆಯ ಹೆಂಚಿನ ಮೇಲೆ, ಕೊಟ್ಟಿಗೆಯ ಮೇಲೆ, ಬೀದಿಯ ಮೇಲೆ ಹಿಕ್ಕೆ. ವಾಸನೆಯಿದೆ, ಇಲ್ಲ ಅನ್ನುವುದಿಲ್ಲ.

ಹುಣಸೆ ಬಡಿಯುವ ಕಾಲವೂ ಅದೇ. ಈ ಸೀಮೆಯಲ್ಲಿ ಬೇಸಿಗೆಯ ಕೈಕಾಸು ಅಂದರೆ ಹುಣಸೆ. ಹಣ್ಣು ಬಡಿದು, ಒಣಗಿಸಿ, ಕುಟ್ಟಿ ಬೀಜ ಬಿಡಿಸಿ ತುಮಕೂರಿನ ಮಂಡಿಗೆ ಕಳಿಸುವುದು. ಜಗಲಿ ಮೇಲೆ ಕೂತು ಕುಟ್ಟುವವರೆಲ್ಲ ಹೆಂಗಸರೇ. ಕಗ್ಗಲಡುವಿನ ಒಬ್ಬ ಅಜ್ಜಿಯನ್ನು ಕೇಳಿದೆ, ಹಕ್ಕಿ ಕೂತ ಮರದ ಹಣ್ಣು ಏನು ಮಾಡ್ತೀರಿ ಅಂತ. "ಅದುನ್ನ ಮುಟ್ಟಲ್ಲ ಕಣವ್ವ. ಬಡುದ್ರೆ ಮರಿ ಬಿದ್ದೋತವೆ. ಹೋದ್ರೆ ಹೋಯ್ತು ನಾಕು ಕಾಸು" ಅಂದರು. ದೀಪಾವಳಿಯಲ್ಲೂ ಆ ಊರಿನವರು ಪಟಾಕಿ ಹೊಡೆಯುವುದಿಲ್ಲ. ಕಾನೂನು ಬರುವ ಮುಂಚೆ, ಫಲಕ ನೆಡುವ ಮುಂಚೆ, ಸಂಬಳವಿಲ್ಲದೆ ಕಾಪಾಡಿಕೊಂಡು ಬಂದವರು ಇವರು. ಪರಿಸರದ ಬಗ್ಗೆ ನಾವು ಬರೆಸುವ ಪ್ರಬಂಧಗಳೆಲ್ಲ ಈ ಅಜ್ಜಿಯ ಒಂದು ಮಾತಿನ ಮುಂದೆ ಹಗುರ.

ಶಿರಾ ಊರೊಳಗೆ ಎರಡು ಕಟ್ಟಡಗಳನ್ನು ನೋಡದೆ ಹೋಗಬೇಡಿ. ಮಲಿಕ್ ರಿಹಾನನ ದರ್ಗಾ 1651ರದ್ದು, ಬಿಜಾಪುರದ ಆದಿಲ್‌ಶಾಹಿಗಳ ಕಾಲದ ಗೋರಿ. ಜುಮ್ಮಾ ಮಸೀದಿ 1696ರದ್ದು, ಆ ಹೊತ್ತಿಗೆ ಮೊಗಲರ ಆಡಳಿತ. ಎರಡರ ನಡುವೆ ಐವತ್ತು ವರ್ಷವೂ ಇಲ್ಲ. ಕಸ್ತೂರಿ ರಂಗಪ್ಪ ನಾಯಕ ಊರು ಕಟ್ಟಲು ಶುರು ಮಾಡಿದ, 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಗೆದ್ದ, 1687ರಲ್ಲಿ ಔರಂಗಜೇಬನ ಸೇನೆ ಬಂತು, 1761ರಲ್ಲಿ ಬಸಾಲತ್ ಜಂಗನಿಂದ ಹೈದರಾಲಿಗೆ ಶಿರಾದ ನವಾಬ ಎಂಬ ಪದವಿ ಸಿಕ್ಕಿತು. ಅದರ ನಡುವೆ, ಆಮೇಲೆ, ಮರಾಠರು. ದಿಲಾವರ್ ಖಾನನ ಕಾಲದಲ್ಲಿ ಊರಲ್ಲಿ ಐವತ್ತು ಸಾವಿರ ಮನೆಗಳಿದ್ದವು ಎಂದು ಗೆಜೆಟಿಯರ್ ಬರೆಯುತ್ತದೆ. ಹಾಗಾದರೆ ಅಷ್ಟು ದೊಡ್ಡ ಊರು ಎಲ್ಲಿ ಹೋಯಿತು? ಶ್ರೀರಂಗಪಟ್ಟಣದ ಪಕ್ಕ ಗಂಜಾಂ ಎಂಬ ಹೊಸ ಪೇಟೆ ತುಂಬಿಸಲು ಟಿಪ್ಪು ಇಲ್ಲಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಒತ್ತಾಯದಿಂದ ಎಬ್ಬಿಸಿಕೊಂಡು ಹೋದ ಎಂದು ಅದೇ ಗ್ರಂಥ ಹೇಳುತ್ತದೆ. ಊರು ಹಾಗೆ ಖಾಲಿಯಾಯಿತು. ಅರಮನೆ ಇಲ್ಲ, ತೋಟ ಇಲ್ಲ. ಈ ಎರಡು ಕಲ್ಲು ಕಟ್ಟಡಗಳೂ ಕೋಟೆಯ ಕಂದಕವೂ ಉಳಿದಿವೆ. ಜುಮ್ಮಾ ಮಸೀದಿಯ ಕೆತ್ತಿದ ಕಮಾನುಗಳ ಕೆಳಗೆ ನಿಂತು ಬೆಂಗಳೂರನ್ನು ಒಂದು ಕಾಲಕ್ಕೆ ಮೈಸೂರಿಗೆ ಬಿಟ್ಟುಕೊಟ್ಟವನು ಶಿರಾದ ಸುಬೇದಾರ ಎಂದು ಯೋಚಿಸಿ ನೋಡಿ.

ಶಿರಾ ಅಂದರೆ ನವಾಬರಷ್ಟೇ ಅಲ್ಲ. ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆಯೂ ಇದೇ ತಾಲ್ಲೂಕಿನದು. ಕಾಡುಗೊಲ್ಲರ ವೀರ ಜುಂಜಪ್ಪನ ಕಥೆಯನ್ನು ಬಿದಿರಿನ ಉದ್ದನೆಯ ಗಣೆ ಊದುತ್ತ ರಾತ್ರಿಯಿಡೀ ಹಾಡುತ್ತಾರೆ. ಓದು ಬಾರದ ಹಿರಿಯರ ಬಾಯಲ್ಲಿ ಉಳಿದುಬಂದ ಮಹಾಕಾವ್ಯ ಅದು. ತುಮಕೂರಿನಿಂದ ಶಿರಾಕ್ಕೆ ಬರುವ ದಾರಿಯಲ್ಲಿ ಸೀಬಿ ನರಸಿಂಹಸ್ವಾಮಿ ಗುಡಿಯ ಚಾವಣಿಯ ಚಿತ್ರಗಳನ್ನೂ ನೋಡಿ. 18ನೇ ಶತಮಾನದ ಕೊನೆಯಲ್ಲಿ ಬರೆಸಿದ ಆ ಚಿತ್ರಗಳಲ್ಲಿ ಪುರಾಣದ ಜೊತೆಗೆ ಹೈದರನ ದರ್ಬಾರೂ ಇದೆ.

ಇನ್ನು ಪಾವಗಡ. ಅಲ್ಲಿಗೆ ವರ್ಗವಾದರೆ ಶಿಕ್ಷೆ ಎಂದು ನೌಕರರು ತಿಳಿಯುತ್ತಿದ್ದ ಕಾಲದಲ್ಲಿ ನಾನು ಅಲ್ಲಿಗೆ ಹೋದವಳು. ಮನೆಯಲ್ಲಿ ಸಾವಿನ ಸುದ್ದಿ ಬಂದಂತೆ ಮುಖ ಮಾಡಿಕೊಂಡರು. ಮಧುಗಿರಿಯಿಂದ ಬಸ್ಸು ಹೊರಟರೆ ಮಿಡಿಗೇಶಿ ದಾಟಿ, ನಡುವೆ ಆಂಧ್ರದ ನೆಲ ತುಳಿದು, ಮತ್ತೆ ಕರ್ನಾಟಕಕ್ಕೆ ಬರಬೇಕು. ಬಹುಪಾಲು ಆಂಧ್ರವೇ ಸುತ್ತುವರಿದ ತಾಲ್ಲೂಕು ಅದು. ತರಗತಿಯಲ್ಲಿ ಕನ್ನಡ, ಆಟದ ಬಯಲಲ್ಲಿ ತೆಲುಗು. ಎರಡರಲ್ಲೂ ಮಕ್ಕಳು ಒಂದೇ ಸಲೀಸು. ಗಡಿಯವರ ಕನ್ನಡವನ್ನು ಆಡಿಕೊಳ್ಳುವವರು ಅಲ್ಲಿ ಒಂದು ವಾರ ಇದ್ದು ಬರಲಿ. ಎರಡು ಭಾಷೆಯಲ್ಲಿ ನಗಿಸಬಲ್ಲ, ಅಳಿಸಬಲ್ಲ ಜನ ಅವರು.

ಶನಿಮಹಾತ್ಮನ ಗುಡಿಗೆ ಭಕ್ತರು ಬರುತ್ತಾರೆ, ಕುಕ್ಕೆ, ಘಾಟಿಗಳ ನಂತರ ಅಂತ್ಯ ಸುಬ್ರಹ್ಮಣ್ಯ ಎಂದು ನಾಗಲಮಡಿಕೆಗೂ ಹೋಗುತ್ತಾರೆ. ಉತ್ತರ ಪಿನಾಕಿನಿಯ ದಂಡೆಯ ಊರು ಅದು. ಆದರೆ ಪಾವಗಡದ ಬೆಟ್ಟದ ಕೋಟೆಯನ್ನೂ, ಅದಕ್ಕಿಂತ ಹೆಚ್ಚಾಗಿ ನಿಡಗಲ್ಲನ್ನೂ ನೋಡದೆ ಹಿಂತಿರುಗುತ್ತಾರೆ. ನಿಡಗಲ್ಲು ಒಂದು ಕಾಲದ ರಾಜಧಾನಿ. ಕರಿಕಾಲ ಚೋಳನ ವಂಶದವರು ತಾವೆಂದು ಹೇಳಿಕೊಂಡ ನಿಡಗಲ್ಲ ಚೋಳರು, ಇರುಂಗೋಳ ಎಂಬ ಹೆಸರಿನ ಅರಸರು, ಕಲ್ಯಾಣ ಚಾಲುಕ್ಯರ ಸಾಮಂತರಾಗಿ ಈ ಒಣ ನೆಲವನ್ನು ಆಳಿದರು. ಬೆಟ್ಟದ ಮೇಲೆ, ಕೆಳಗೆ ಶಿವಾಲಯಗಳು, ಬಸದಿ, ಶಾಸನಗಳು. ಗಡಿಯಾಚೆ ಮಡಕಶಿರಾ ಕಡೆಯ ಹೇಮಾವತಿಯನ್ನೂ ಇದರ ಜೊತೆ ಸೇರಿಸಿಕೊಳ್ಳಿ. ನೊಳಂಬರ ರಾಜಧಾನಿ ಹೆಂಜೇರು ಅದೇ. ಅಲ್ಲಿನ ಕಂಬಗಳ ಕೆತ್ತನೆ ಎಷ್ಟು ಚೆಲುವೆಂದರೆ ನೊಳಂಬರ ಕಂಬಗಳನ್ನು ಚೋಳರು ತಮಿಳುನಾಡಿನ ತಿರುವೈಯಾರಿಗೆ ಸಾಗಿಸಿಕೊಂಡು ಹೋದರು. ಶಾಸನಗಳು ಕನ್ನಡದಲ್ಲಿವೆ, ಊರು ಆಂಧ್ರದಲ್ಲಿದೆ. ಆಂಧ್ರ ರಾಜ್ಯ 1950ರ ದಶಕದ್ದು, ಕಲ್ಲು ಸಾವಿರ ವರ್ಷದ್ದು.

ಪಾವಗಡದಲ್ಲಿ ನಾನು ಇದ್ದಾಗ ಇಲ್ಲದ ಒಂದು ನೋಟ ಈಗ ಅಲ್ಲಿದೆ. ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು, ಈ ಐದು ಹಳ್ಳಿಗಳ ಸುತ್ತ 13 ಸಾವಿರ ಎಕರೆಯಲ್ಲಿ ಸೋಲಾರ್ ಪಾರ್ಕ್. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಗಿ, 2019ರ ಕೊನೆಗೆ 2,050 ಮೆಗಾವಾಟ್‌ಗೆ ಪೂರ್ತಿಯಾಯಿತು. ಆಗ ಜಗತ್ತಿನ ಅತಿ ದೊಡ್ಡ ಸೌರ ಪಾರ್ಕ್‌ಗಳಲ್ಲಿ ಒಂದು. ರೈತರ ಜಮೀನನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದದ್ದು ಇದರ ಹೊಸತನ. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರಿಕೆ. ಕಡ್ಲೆಕಾಯಿ ಬಿತ್ತಿ ಮುಗಿಲು ನೋಡುತ್ತಿದ್ದವರ ಕೈಗೆ ನಿಂತ ದುಡ್ಡು ಬಂತು. ಇದನ್ನು ನಾನು ಒಳ್ಳೆಯದೆಂದೇ ಹೇಳುತ್ತೇನೆ. ಆದರೆ ಜಮೀನೇ ಇಲ್ಲದ ಕೂಲಿಯವರಿಗೆ ಗುತ್ತಿಗೆ ಬರಲಿಲ್ಲ, ಹೊಲದ ಕೂಲಿಯೂ ಹೋಯಿತು. ಕುರಿಗಾರರಿಗೆ ಮೇವಿನ ಬಯಲು ಬೇಲಿಯೊಳಗೆ ಸೇರಿತು. ಪಕ್ಕದ ಗುಡ್ಡ ಹತ್ತಿ ನೋಡಿದರೆ ಕಣ್ಣು ಹಾಯುವಷ್ಟು ದೂರ ನೀಲಿ ಕನ್ನಡಿಗಳು, ಕೆರೆಯ ಮೇಲೆ ಕೆರೆ ತುಂಬಿದಂತೆ. ನೀರಿಲ್ಲದ ಊರಿನಲ್ಲಿ ಹಾಗೆ ಕಾಣುವುದು ನೋಡಿ ನನಗೆ ಗಂಟಲು ಕಟ್ಟಿತು. ಬಿಸಿಲನ್ನು ಬೈದು ಬೈದು ಬದುಕಿದ ನೆಲದಿಂದ ಈಗ ಬೆಂಗಳೂರಿನ ದೀಪಕ್ಕೂ ಬೆಳಕು ಹೋಗುತ್ತದೆ. ನೋಡಲು ಹೋದವರು ಗುತ್ತಿಗೆ ಸಿಕ್ಕವರನ್ನೂ ಮಾತನಾಡಿಸಿ, ಸಿಗದವರನ್ನೂ ಮಾತನಾಡಿಸಿ.

ಹೆಸರುವಾಸಿ ಊರುಗಳ ಪಾಡು ಈಗ ಎಲ್ಲರಿಗೂ ತಿಳಿದಿದೆ. ಇಟಲಿಯ ವೆನಿಸ್ ನಗರ 2024ರ ಏಪ್ರಿಲ್‌ನಿಂದ ಜನಜಂಗುಳಿಯ ದಿನಗಳಲ್ಲಿ ಬಂದುಹೋಗುವವರಿಗೆ ಐದು ಯೂರೋ ಪ್ರವೇಶ ಶುಲ್ಕ ಹಾಕಿತು. ನಮ್ಮ ನಂದಿಬೆಟ್ಟದ ಭಾನುವಾರದ ಬೆಳಗನ್ನು ನೀವೇ ನೋಡಿದ್ದೀರಿ. ನಮ್ಮ ತಾಲ್ಲೂಕುಗಳಿಗೆ ಅಂಥ ಜಾತ್ರೆ ಬರಲಿ ಎಂದು ನಾನು ಕೇಳುತ್ತಿಲ್ಲ. ಮಧುಗಿರಿ ಬೆಟ್ಟದ ಬಂಡೆಗಳ ಮೇಲೆ ಈಗಾಗಲೇ ಸುಣ್ಣದಲ್ಲಿ ಹೆಸರು ಬರೆದವರಿದ್ದಾರೆ, ದೊಣೆಗಳಲ್ಲಿ ಬಾಟಲಿ ತೇಲುತ್ತವೆ. ಬೇಕಾಗಿರುವುದು ನಿಧಾನವಾಗಿ ನೋಡುವ, ಒಂದು ರಾತ್ರಿ ಉಳಿಯುವ, ಖಾನಾವಳಿಯಲ್ಲಿ ಮುದ್ದೆ, ಹುರುಳಿ ಸಾರು ಉಂಡು ನಾಲ್ಕು ಮಾತನಾಡುವ ಜನ. ಹಾಗೆ ಬರುವವರಿಂದ ಊರಿಗೂ ನಾಲ್ಕು ಕಾಸು, ಕೋಟೆಗೂ ಕಾವಲು.

ಬರುವವರಿಗೆ ನಾಲ್ಕು ಮಾತು. ತುಮಕೂರಿನಿಂದ ಕೊರಟಗೆರೆ, ಮಧುಗಿರಿ, ಪಾವಗಡಕ್ಕೆ ಬಸ್ಸುಗಳು ಧಾರಾಳವಾಗಿವೆ, ಶಿರಾಕ್ಕಂತೂ ಕೇಳಬೇಕಿಲ್ಲ. ಮೈದನಹಳ್ಳಿಗೂ ನಿಡಗಲ್ಲಿಗೂ ಸ್ವಂತ ಗಾಡಿಯೋ ಬಾಡಿಗೆ ಆಟೋನೋ ಬೇಕು. ಮಧುಗಿರಿಯಲ್ಲಿ ತಂಗಿದರೆ ಎಲ್ಲ ಕಡೆಗೂ ಅನುಕೂಲ. ಬೆಟ್ಟವನ್ನು ಬೆಳಕು ಹರಿಯುತ್ತಲೇ ಹತ್ತಿ, ಒಬ್ಬೊಬ್ಬರಿಗೆ ಎರಡು ಲೀಟರ್ ನೀರು ಇರಲಿ, ಖಾಲಿ ಬಾಟಲಿ ಕೆಳಗೆ ತನ್ನಿ. ಬಂಡೆಗಳಲ್ಲಿ ಹೆಜ್ಜೇನಿರುವುದರಿಂದ ಬೆಂಕಿ, ಹೊಗೆ, ಕೂಗಾಟ ಬೇಡ. ಕೋಟೆ ಹತ್ತಲು, ಕೃಷ್ಣಮೃಗ ನೋಡಲು ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಕಗ್ಗಲಡುವಿನ ಕೊಕ್ಕರೆಗಳಿಗೆ ಫೆಬ್ರವರಿಯ ನಂತರದ ತಿಂಗಳುಗಳು. ಒಂದೇ ಸಲ ಬರುವುದಾದರೆ ಫೆಬ್ರವರಿಯಲ್ಲಿ ಬನ್ನಿ, ಎಲ್ಲವೂ ಸಿಗುತ್ತದೆ.